ಪಯಸ್ವಿನಿಯ ಮರಳಿನಲ್ಲಿ ಅಡಗಿದ ದೈತ್ಯ

ನೀವು ಮಂಡಿಕಲ್ಲಿನಂಥ ಬಯಲುಸೀಮೆಯ ಊರಿನವರಾದರೆ, ಕೆರೆ ಕುಂಟೆಗಳಲ್ಲಿ ಬದುಕುವ ಮೆದುಚಿಪ್ಪಿನ ಪುಟ್ಟ ಆಮೆಯನ್ನು ನೋಡಿಯೇ ಇರುತ್ತೀರಿ. ಕೆರೆ ಬತ್ತಿದರೆ ಅದು ಕೆಸರಿನೊಳಗೆ ಹುದುಗಿ ಮಳೆಗಾಗಿ ಕಾಯುತ್ತದೆ. ಅದರ ಕುಟುಂಬಕ್ಕೇ ಸೇರಿದ ಒಬ್ಬ ದೈತ್ಯ ನೆಂಟನಿದ್ದಾನೆ. ಅವನನ್ನು ಕಾಣಬೇಕಾದರೆ ಕೊಡಗಿನಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲು ಸೇರುವ ಪಯಸ್ವಿನಿ ನದಿಗೆ ಹೋಗಬೇಕು. ಹೋದರೂ ಕಂಡಾನೆಂಬ ಭರವಸೆಯಿಲ್ಲ!

ಈ ಆಮೆಗೆ ವಿಜ್ಞಾನದಲ್ಲಿ ಪೆಲೊಕೆಲಿಸ್ ಕ್ಯಾಂಟೋರೈ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ವೈದ್ಯ ಥಿಯೊಡೋರ್ ಕ್ಯಾಂಟರ್ ಮಲಯ ಪ್ರಾಂತದಲ್ಲಿ ಪ್ರಾಣಿಗಳನ್ನು ಸಂಗ್ರಹಿಸಿದ್ದನು. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1864ರಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಈ ಜಾತಿಗೆ ಅವನ ಹೆಸರನ್ನಿಟ್ಟನು. ಹೀಗೆ ನಮ್ಮ ನದಿಯ ಪ್ರಾಣಿಯೊಂದು ಲಂಡನ್ನಿನ ಪುಸ್ತಕದಲ್ಲಿ ದಾಖಲಾಯಿತು. ದಡದ ಜನರಿಗಾದರೋ ಅದು ಮೊದಲಿನಿಂದಲೂ ಗೊತ್ತಿತ್ತು. ಕಾಸರಗೋಡಿನಲ್ಲಿ ಅದನ್ನು 'ಪಾಲಪೂವನ್' ಎನ್ನುತ್ತಾರೆ.

ಇದರ ಬೆನ್ನಿನ ಮೇಲೆ ಗಟ್ಟಿ ಚಿಪ್ಪಿನ ಫಲಕಗಳಿಲ್ಲ, ತೊಗಲಿನ ಹೊದಿಕೆಯಿದೆ. ಉದ್ದ ಒಂದು ಮೀಟರಿನವರೆಗೂ ಬೆಳೆಯಬಲ್ಲದು. ತಲೆ ಅಗಲ, ಕಣ್ಣುಗಳು ಮೂತಿಯ ತುದಿಗೆ ತೀರ ಹತ್ತಿರ. ಅದೇಕೆ ಹಾಗೆ? ಮೈಯನ್ನೆಲ್ಲ ಮರಳಿನಲ್ಲಿ ಹೂತುಕೊಂಡು ಕಣ್ಣು, ಮೂಗುಗಳನ್ನಷ್ಟೇ ಹೊರಗಿಟ್ಟು ಬೇಟೆಗಾಗಿ ಕಾಯುವ ಪ್ರಾಣಿ ಇದು. ಮೀನೋ ಏಡಿಯೋ ಹತ್ತಿರ ಸುಳಿದರೆ ತಟ್ಟನೆ ಕತ್ತು ಚಾಚಿ ಹಿಡಿಯುತ್ತದೆ. ಬದುಕಿನ ಬಹುಪಾಲು ಕಾಲ ಅಲುಗಾಡದೆ ಕಳೆಯುತ್ತದೆ; ಉಸಿರಿಗಾಗಿ ಮೇಲೆ ಬರುವುದೇ ಅಪರೂಪ. ಇಷ್ಟು ದೊಡ್ಡ ಪ್ರಾಣಿ ಇಷ್ಟು ಕಾಲ ನಮ್ಮ ಕಣ್ಣು ತಪ್ಪಿಸಿಕೊಂಡದ್ದರ ಗುಟ್ಟು ಇದೇ.

ಆದರೆ ಮರಳೇ ಮನೆಯಾದವನಿಗೆ ಮರಳು ಹೋದರೆ ಗತಿಯೇನು? ಮೊಟ್ಟೆಯಿಡುವುದೂ ದಡದ ಮರಳಿನಲ್ಲಿಯೇ. ನದಿಯ ನೀರು ಅಕಾಲದಲ್ಲಿ ಏರಿದರೆ ಗೂಡು ಮುಳುಗಿ ಮೊಟ್ಟೆ ಕೊಳೆಯುತ್ತದೆ. ಮಾಂಸಕ್ಕಾಗಿ ಕೊಂದದ್ದೂ ಉಂಟು. ನೀರಿನಡಿಯ ಬಲೆಗೆ, ಗಾಳಕ್ಕೆ ಸಿಕ್ಕಿಬಿದ್ದ ಆಮೆ ಮೇಲೆ ಬರಲಾರದೆ ಉಸಿರುಗಟ್ಟಿ ಸಾಯುತ್ತದೆ. ನೀರಿನ ಪ್ರಾಣಿ ನೀರಿನಲ್ಲೇ ಮುಳುಗಿ ಸಾಯುವುದೆಂದರೆ ನಿಮಗೆ ವಿಚಿತ್ರವೆನಿಸೀತು. ಆಮೆಗೆ ಇರುವುದು ಶ್ವಾಸಕೋಶ, ಕಿವಿರಲ್ಲ ಎಂಬುದನ್ನು ನೆನಪಿಡಿ.

ಇತ್ತೀಚೆಗೆ ಆಯುಷಿ ಜೈನ್ ಎಂಬ ಯುವ ಸಂಶೋಧಕಿ ಚಂದ್ರಗಿರಿಯಲ್ಲಿ ಈ ಆಮೆಯನ್ನು ಅರಸಿದರು. ಅವರು ನೆಚ್ಚಿದ್ದು ಉಪಕರಣಗಳಿಗಿಂತ ಹೆಚ್ಚಾಗಿ ದಡದ ಜನರ ನೆನಪನ್ನು. ಎಲ್ಲಿ ಕಂಡಿರಿ, ಯಾವಾಗ, ಬಲೆಗೆ ಬಿದ್ದಿತ್ತೇ ಎಂದು ಮನೆಮನೆಗೆ ಹೋಗಿ ಕೇಳಿದರು. ಆಮೆ ಸಿಕ್ಕರೆ ಸುದ್ದಿ ಮುಟ್ಟಿಸುವ ಏರ್ಪಾಡು ಊರವರಿಂದಲೇ ಬೆಳೆಯಿತು. ಹೆಣ್ಣಾಮೆ ಗೂಡು ಮಾಡಿದ್ದು ದಾಖಲಾಯಿತು. ನೀರು ನುಗ್ಗಿದ ಗೂಡಿನಿಂದ ಮೊಟ್ಟೆಗಳನ್ನು ಎತ್ತಿ ಕಾಪಾಡಿ, ಹುಟ್ಟಿದ ಮರಿಗಳನ್ನು ನದಿಗೆ ಬಿಟ್ಟರು. ಈ ಅಧ್ಯಯನದ ವರದಿ 2024ರಲ್ಲಿ 'ಓರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಅದಕ್ಕೂ ಮುನ್ನ, 2023ರಲ್ಲಿ, ಕಾಸರಗೋಡು ಜಿಲ್ಲಾ ಪಂಚಾಯತಿಯು ತನ್ನ ಜಿಲ್ಲೆಗೊಂದು ಮರ, ಒಂದು ಹೂವು, ಒಂದು ಹಕ್ಕಿ, ಒಂದು ಪ್ರಾಣಿಯನ್ನು ಆರಿಸಿತು. ಪ್ರಾಣಿಯ ಸಾಲಿನಲ್ಲಿ ಬರೆದ ಹೆಸರು ಪಾಲಪೂವನ್.