ಗೇಮ್‌ಗಳಲ್ಲಿ ಕಡಲ್ಗಳ್ಳರಿಗೆ ಅಷ್ಟೊಂದು ಬಲ ಎಲ್ಲಿಂದ? ಇತಿಹಾಸದ ಲೆಕ್ಕವೇ ಬೇರೆ

ಇತಿಹಾಸ ಆಧಾರಿತ ಸ್ಟ್ರಾಟೆಜಿ ಗೇಮ್ ಆಡುವವರಿಗೆ ಈ ಅನುಭವ ಹೊಸದಲ್ಲ. ಬ್ರಿಟನ್ನನ್ನೋ ಸ್ಪೇನನ್ನೋ ಆರಿಸಿಕೊಂಡು, ಹತ್ತಾರು ಟರ್ನ್‌ಗಳಲ್ಲಿ ಕಷ್ಟಪಟ್ಟು ಹಣ ಕೂಡಿಸಿ, ನಾಲ್ಕು ಹಡಗು ಕಟ್ಟಿ ಕೆರಿಬಿಯನ್ ಸಮುದ್ರಕ್ಕೆ ಕಳುಹಿಸಿರುತ್ತೀರಿ. ಅಲ್ಲಿ ಕಪ್ಪು ಬಾವುಟದ ದೊಡ್ಡದೊಂದು ಪಡೆ ಕಾದು ಕೂತಿರುತ್ತದೆ. ನಾಲ್ಕೂ ಹಡಗು ನೀರುಪಾಲು. ಮುಂದಿನ ಟರ್ನ್‌ನಲ್ಲಿ ವ್ಯಾಪಾರದ ಆದಾಯವೂ ಕುಸಿಯುತ್ತದೆ.

ಇದು ಆಟಗಾರನ ತಪ್ಪೇ, ಕಡಲ್ಗಳ್ಳರ ಜಾಣತನವೇ? ಹೆಚ್ಚಿನ ಸಲ ಎರಡೂ ಅಲ್ಲ. ಗೇಮ್‌ನ ನಿಯಮಗಳು ಕಡಲ್ಗಳ್ಳರಿಗೆ ಕೊಟ್ಟಿರುವ ವಿನಾಯಿತಿ ಒಂದು ಕಾರಣ. ಉಳಿದ ದೇಶಗಳನ್ನು ನಡೆಸುವ ಕಂಪ್ಯೂಟರ್‌ಗೆ ಸಮುದ್ರವೆಂದರೆ ಅರ್ಥವಾಗದಿರುವುದು ಇನ್ನೊಂದು ಕಾರಣ. ಇವೆರಡೂ ಹೇಗೆ ಕೆಲಸ ಮಾಡುತ್ತವೆ, ನಿಜವಾದ ಕಡಲ್ಗಳ್ಳತನ ಹೇಗಿತ್ತು ಎಂಬುದರ ವಿವರ ಇಲ್ಲಿದೆ.

ಮೊದಲ ಉದಾಹರಣೆ: ಎಂಪೈರ್ ಟೋಟಲ್ ವಾರ್

ಈ ಚರ್ಚೆಯಲ್ಲಿ ಮೊದಲು ಬರುವ ಹೆಸರು 2009ರ ಮಾರ್ಚ್‌ನಲ್ಲಿ ಬಿಡುಗಡೆಯಾದ 'ಎಂಪೈರ್: ಟೋಟಲ್ ವಾರ್'. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ ತಯಾರಿಸಿದ ಈ ಗೇಮ್‌ನ ಮುಖ್ಯ ಕ್ಯಾಂಪೇನ್ 1700ರಿಂದ 18ನೇ ಶತಮಾನದ ಕೊನೆಯವರೆಗೆ ಸಾಗುತ್ತದೆ. ವರ್ಷಕ್ಕೆ ಎರಡು ಟರ್ನ್. ಯುರೋಪ್, ಅಮೆರಿಕ ಮತ್ತು ಭಾರತ ಎಂದು ಭೂಪಟದ ಮೂರು ಭಾಗಗಳು. ಮರಾಠರಾಗಿ ಆಡುವ ಅವಕಾಶವಿದೆ. ಮೊಘಲರು ಮತ್ತು ಮೈಸೂರು ರಾಜ್ಯ ಕೂಡ ನಕ್ಷೆಯಲ್ಲಿವೆ.

ಟೋಟಲ್ ವಾರ್ ಸರಣಿಯಲ್ಲಿ ನೌಕಾಯುದ್ಧವನ್ನು ಕಣ್ಣೆದುರೇ ಆಡುವ ಅವಕಾಶ ಮೊದಲು ಸಿಕ್ಕಿದ್ದು ಇದರಲ್ಲಿಯೇ. ಅದಕ್ಕಿಂತ ಹಿಂದಿನ ಗೇಮ್‌ಗಳಲ್ಲಿ ಎರಡು ನೌಕಾಪಡೆ ಎದುರಾದರೆ ಕಂಪ್ಯೂಟರ್ ಲೆಕ್ಕ ಹಾಕಿ ಫಲಿತಾಂಶ ಹೇಳುತ್ತಿತ್ತು, ಅಷ್ಟೇ. ಎಂಪೈರ್‌ನಲ್ಲಿ ಗಾಳಿಯ ದಿಕ್ಕು, ಹಾಯಿ, ಫಿರಂಗಿ ಗುಂಡಿನ ಬಗೆ ಎಲ್ಲವೂ ಲೆಕ್ಕಕ್ಕೆ ಬಂದವು.

ಇಲ್ಲಿ ಕಡಲ್ಗಳ್ಳರು ಕೂಡ ಒಂದು ಪಕ್ಷ. ಕೆರಿಬಿಯನ್‌ನ ಕೆಲವು ದ್ವೀಪಗಳೇ ಅವರ ನೆಲೆ. ಅವರು ಎಲ್ಲ ದೇಶಗಳ ಮೇಲೂ ಸದಾ ಯುದ್ಧದಲ್ಲಿರುತ್ತಾರೆ. ಸಂಧಿ ಇಲ್ಲ, ವ್ಯಾಪಾರ ಒಪ್ಪಂದವೂ ಇಲ್ಲ. ಸಮುದ್ರದ ವ್ಯಾಪಾರ ಮಾರ್ಗದ ಮೇಲೆ ಪಡೆಯನ್ನು ನಿಲ್ಲಿಸಿ ಆದಾಯ ಕಸಿಯುವುದೇ ಅವರ ಕೆಲಸ. ಆರಂಭದ ವರ್ಷಗಳಲ್ಲಿ ಬಹುತೇಕ ದೇಶಗಳ ಬಳಿ ಅವರನ್ನು ಎದುರಿಸುವಷ್ಟು ಹಡಗುಗಳಿರುವುದಿಲ್ಲ.

ಗೇಮ್‌ನ ಎಐ ಎಂದರೇನು?

ಗೇಮ್‌ನ ಕೃತಕ ಬುದ್ಧಿಮತ್ತೆಯನ್ನು, ಅಂದರೆ ಎಐಯನ್ನು, ಈಗ ಸುದ್ದಿಯಲ್ಲಿರುವ ಚಾಟ್‌ಬಾಟ್‌ಗಳೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಇಂತಹ ಗೇಮ್‌ಗಳಲ್ಲಿ ಅದು ಬಹುಮಟ್ಟಿಗೆ ನಿಯಮಗಳ ಮತ್ತು ಅಂಕಗಳ ಪಟ್ಟಿ. ಪಕ್ಕದ ಪ್ರಾಂತ್ಯದಲ್ಲಿ ಶತ್ರು ಬಲ ಎಷ್ಟು, ನಮ್ಮ ಬಲ ಎಷ್ಟು, ಯಾವ ಕೆಲಸಕ್ಕೆ ಎಷ್ಟು ಲಾಭ ಎಂದು ಅಂಕ ಹಾಕಿ, ಹೆಚ್ಚು ಅಂಕ ಬಂದ ಕೆಲಸವನ್ನು ಅದು ಆರಿಸಿಕೊಳ್ಳುತ್ತದೆ.

ನೆಲದ ಮೇಲೆ ಈ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. ಗಡಿ ಇದೆ, ರಸ್ತೆ ಇದೆ, ಕೋಟೆ ಇದೆ. ಶತ್ರು ಎಲ್ಲಿಂದ ಬರಬಹುದು ಎಂಬುದಕ್ಕೆ ಎರಡು ಮೂರು ಉತ್ತರ ಮಾತ್ರ. ಸಮುದ್ರದಲ್ಲಿ ಹಾಗಲ್ಲ. ಗಡಿಯೇ ಇಲ್ಲದ ಮೇಲೆ ಯಾವ ಪಡೆ ಬೇಕಾದರೂ ಯಾವ ದಡಕ್ಕೆ ಬೇಕಾದರೂ ಬರಬಹುದು. ಹೀಗಾಗಿ ಎಐ ಎಲ್ಲ ಬಂದರುಗಳನ್ನೂ ಕಾಯಲು ಹೊರಟು, ಇರುವ ಹಡಗುಗಳನ್ನು ಒಂದೊಂದಾಗಿ ಹಂಚಿಬಿಡುತ್ತದೆ. ಒಂಟಿ ಹಡಗುಗಳು ದೊಡ್ಡ ಪಡೆಯ ಬಾಯಿಗೆ ತುತ್ತಾಗುತ್ತವೆ.

ಇದಕ್ಕಿಂತ ಕಷ್ಟದ್ದು ಸಮುದ್ರ ದಾಟಿ ದಾಳಿ ಮಾಡುವುದು. ಸೈನ್ಯ ಕೂಡಿಸಬೇಕು, ಅದೇ ಹೊತ್ತಿಗೆ ಬಂದರಿನಲ್ಲಿ ಹಡಗು ಸಿದ್ಧವಿರಬೇಕು, ಬೆಂಗಾವಲು ಬೇಕು, ಸರಿಯಾದ ಜಾಗದಲ್ಲಿ ಇಳಿಯಬೇಕು, ಇಳಿದ ಮೇಲೆ ನೆರವು ಬರುತ್ತಿರಬೇಕು. ಹಲವು ಟರ್ನ್‌ಗಳ ಈ ಯೋಜನೆಯಲ್ಲಿ ಒಂದು ಹೆಜ್ಜೆ ತಪ್ಪಿದರೂ ಎಲ್ಲವೂ ವ್ಯರ್ಥ. ಎಂಪೈರ್ ಬಿಡುಗಡೆಯಾದಾಗ ಎಐ ದೇಶಗಳು ಸೈನ್ಯವನ್ನು ಹಡಗಿನಲ್ಲಿ ಸಾಗಿಸಿ ಬೇರೆ ದಡದಲ್ಲಿ ಇಳಿಸುತ್ತಲೇ ಇರಲಿಲ್ಲ. ಆಟಗಾರರ ದೂರುಗಳ ನಂತರ ಬಂದ ಪ್ಯಾಚ್‌ನಲ್ಲಿ ಇದನ್ನು ಸೇರಿಸಲಾಯಿತು.

ಇದರ ಪರಿಣಾಮ ನೇರವಾಗಿ ಕಡಲ್ಗಳ್ಳರಿಗೆ ಲಾಭ. ಅವರ ದ್ವೀಪಕ್ಕೆ ಸೈನ್ಯ ಇಳಿಸುವವರೇ ಇಲ್ಲದಿದ್ದರೆ ಅವರ ನೆಲೆಗೆ ಭಯವಿಲ್ಲ. ನೆಲೆ ಸುರಕ್ಷಿತವಾಗಿದ್ದರೆ ಪಡೆ ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ಇಡೀ ಸಮುದ್ರವನ್ನು ಶುಚಿ ಮಾಡುವ ಕೆಲಸ ಆಟಗಾರನೊಬ್ಬನ ತಲೆಗೇ ಬರುತ್ತದೆ.

ಕಳ್ಳರಿಗೆ ಖರ್ಚಿಲ್ಲ, ಭಯವಿಲ್ಲ

ದೇಶಗಳು ಹಡಗು ಸಾಕುವುದಕ್ಕೆ ತೆರಿಗೆ ಹಾಕಬೇಕು, ಜನ ದಂಗೆ ಏಳದಂತೆ ನೋಡಿಕೊಳ್ಳಬೇಕು, ನೆಲದ ಗಡಿಯನ್ನೂ ಕಾಯಬೇಕು. ಕಡಲ್ಗಳ್ಳರಿಗೆ ಈ ತಲೆನೋವು ಇಲ್ಲ. ಹಲವು ಗೇಮ್‌ಗಳಲ್ಲಿ ಅವರ ಹಡಗುಗಳು ಖಜಾನೆಯಿಂದ ಬರುವುದೇ ಇಲ್ಲ, ನಿಗದಿತ ಕಾಲಕ್ಕೆ ಸಮುದ್ರದಲ್ಲಿ ತಾವಾಗಿಯೇ ಪ್ರತ್ಯಕ್ಷವಾಗುತ್ತವೆ. ಇಂದು ಮುಳುಗಿಸಿದರೆ ನಾಳೆ ಮತ್ತೆ ಹಾಜರ್.

ಗೇಮ್ ತಯಾರಿಸುವವರಿಗೂ ಇದಕ್ಕೊಂದು ಕಾರಣವಿದೆ. ಎಐ ದೇಶಗಳು ಸಮುದ್ರದಲ್ಲಿ ದುರ್ಬಲವಾಗಿದ್ದರೆ ಆಟಗಾರ ನೌಕಾಪಡೆಯನ್ನೇ ಕಟ್ಟುವುದಿಲ್ಲ. ಅವನು ಕಟ್ಟುವಂತೆ ಮಾಡಲು ಒಂದು ಬೆದರಿಕೆ ಬೇಕು. ಆ ಕೆಲಸವನ್ನು ಕಡಲ್ಗಳ್ಳರಿಗೆ ವಹಿಸಲಾಗುತ್ತದೆ. ಎಐಯ ಕೊರತೆಯನ್ನು ಮುಚ್ಚುವ ತೇಪೆ ಇದು.

ನಿಜವಾದ ಕಡಲ್ಗಳ್ಳರು ಹೇಗಿದ್ದರು?

ಕೆರಿಬಿಯನ್ ಕಡಲ್ಗಳ್ಳತನ ಉತ್ತುಂಗಕ್ಕೆ ಏರಿದ್ದು 1713ರ ಉಟ್ರೆಕ್ಟ್ ಒಪ್ಪಂದದ ನಂತರ. ಯುರೋಪಿನ ಯುದ್ಧ ಮುಗಿದು, ಸರ್ಕಾರದ ಪರವಾನಗಿ ಪಡೆದು ಶತ್ರು ಹಡಗು ದೋಚುತ್ತಿದ್ದ ನಾವಿಕರಿಗೆ ಕೆಲಸವಿಲ್ಲದಂತಾಯಿತು. ಅವರಲ್ಲಿ ಅನೇಕರು ಪರವಾನಗಿ ಇಲ್ಲದೆಯೇ ಅದೇ ಕೆಲಸ ಮುಂದುವರಿಸಿದರು. ಆದರೆ ಅವರು ಯುದ್ಧನೌಕೆಗಳ ಜೊತೆ ಕಾದಾಟಕ್ಕೆ ಇಳಿಯುತ್ತಿದ್ದುದು ಅಪರೂಪ. ಅವರಿಗೆ ಬೇಕಾಗಿದ್ದು ಸರಕು, ಯುದ್ಧವಲ್ಲ.

ಬ್ಲ್ಯಾಕ್‌ಬಿಯರ್ಡ್ ಎಂದೇ ಹೆಸರಾದ ಎಡ್ವರ್ಡ್ ಟೀಚ್‌ನ ದೊಡ್ಡ ಹಡಗು 'ಕ್ವೀನ್ ಆನ್ಸ್ ರಿವೆಂಜ್' 1718ರಲ್ಲಿ ದಡದ ಬಳಿ ಮರಳಿಗೆ ಸಿಕ್ಕಿ ನಾಶವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವನನ್ನು ಕೊಂದಿದ್ದು ದೈತ್ಯ ನೌಕಾಪಡೆಯಲ್ಲ. ಲೆಫ್ಟಿನೆಂಟ್ ರಾಬರ್ಟ್ ಮೇನಾರ್ಡ್ ಫಿರಂಗಿಗಳೇ ಇಲ್ಲದ ಎರಡು ಸಣ್ಣ ಹಡಗುಗಳಲ್ಲಿ ಬಂದು, ಕೈಕೈ ಹೋರಾಟದಲ್ಲಿ ಅವನ ಕಥೆ ಮುಗಿಸಿದ.

ಸುಮಾರು 400 ಹಡಗುಗಳನ್ನು ಹಿಡಿದನೆಂದು ಹೇಳಲಾಗುವ ಬಾರ್ತಲೋಮ್ಯೂ ರಾಬರ್ಟ್ಸ್ 1722ರ ಫೆಬ್ರವರಿಯಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಎಚ್‌ಎಂಎಸ್ ಸ್ವಾಲೋ ಎಂಬ ಒಂದೇ ಯುದ್ಧನೌಕೆಯ ಎದುರು ಸತ್ತ. ಸೆರೆಸಿಕ್ಕ ಅವನ ಸಂಗಡಿಗರಲ್ಲಿ 52 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಅದಕ್ಕೂ ಮೊದಲೇ ಅವರ ಬುಡ ಅಲುಗಾಡಿತ್ತು. 1717ರಲ್ಲಿ ಬ್ರಿಟನ್ನಿನ ರಾಜ ಮೊದಲನೇ ಜಾರ್ಜ್ ಶರಣಾಗುವ ಕಡಲ್ಗಳ್ಳರಿಗೆ ಕ್ಷಮಾದಾನ ಘೋಷಿಸಿದ. 1718ರಲ್ಲಿ ಗವರ್ನರ್ ಆಗಿ ಬಂದ ವುಡ್ಸ್ ರೋಜರ್ಸ್ ಬಹಾಮಾಸ್‌ನ ನಸಾವು ಬಂದರನ್ನು ವಶಕ್ಕೆ ತೆಗೆದುಕೊಂಡ. ಮರದ ಹಡಗಿಗೆ ನೆಲೆ ಬೇಕೇ ಬೇಕು. ತಳಕ್ಕೆ ಅಂಟಿದ ಚಿಪ್ಪು, ಪಾಚಿಯನ್ನು ಆಗಾಗ ಕೆರೆದು ತೆಗೆಯದಿದ್ದರೆ ವೇಗ ಹೋಗುತ್ತದೆ, ಮರ ಕೊರೆಯುವ ಹುಳು ತಳವನ್ನೇ ತಿನ್ನುತ್ತದೆ. ಕದ್ದ ಮಾಲು ಕೊಳ್ಳುವ ವ್ಯಾಪಾರಿಯೂ ಬೇಕು. ಬಂದರು ಹೋಯಿತು, ಕೊಳ್ಳುವವರು ಹಿಂದೆ ಸರಿದರು, ಕಡಲ್ಗಳ್ಳತನ ಸೊರಗಿತು. 1730ರ ಹೊತ್ತಿಗೆ ಆ ಯುಗವೇ ಮುಗಿದಿತ್ತು. ಗೇಮ್‌ನಲ್ಲಿ ಮಾತ್ರ 1780ರಲ್ಲೂ ಅವರು ಸಮುದ್ರ ಆಳುತ್ತಿರಬಹುದು.

'ಕಡಲ್ಗಳ್ಳ' ಎಂದವರು ಯಾರು?

ಎಂಪೈರ್‌ನ ಭೂಪಟದಲ್ಲಿರುವ ಭಾರತದ ಪಶ್ಚಿಮ ಕರಾವಳಿಯಲ್ಲಿ ಇದೇ ಕಾಲದ ಇನ್ನೊಂದು ಕಥೆಯಿದೆ. ಮರಾಠರ ನೌಕಾಪಡೆಯ ಮುಖ್ಯಸ್ಥ ಕನ್ಹೋಜಿ ಆಂಗ್ರೆ ಅಲಿಬಾಗ್ ಬಳಿಯ ಕೊಲಾಬಾ ಮತ್ತು ವಿಜಯದುರ್ಗದಂತಹ ಕೋಟೆಗಳಿಂದ ಕೊಂಕಣ ಕರಾವಳಿಯನ್ನು ಕಾಯುತ್ತಿದ್ದರು. ಹಾದುಹೋಗುವ ಹಡಗುಗಳು ಅವರಿಂದ ಪರವಾನಗಿ ಪತ್ರ ಪಡೆಯಬೇಕಿತ್ತು, ಇಲ್ಲದಿದ್ದರೆ ವಶ. ಪೋರ್ಚುಗೀಸರೂ ಅರಬ್ಬಿ ಸಮುದ್ರದಲ್ಲಿ ಇಂತಹದೇ ಪರವಾನಗಿ ಪದ್ಧತಿ ನಡೆಸುತ್ತಿದ್ದರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳಲ್ಲಿ ಕಡಲ್ಗಳ್ಳ ಎಂಬ ಪಟ್ಟ ಸಿಕ್ಕಿದ್ದು ಆಂಗ್ರೆಗೆ.

ಅವರ ಗುರಾಬ್ ಮತ್ತು ಗಲಬತ್ ಹಡಗುಗಳು ಹಗುರ, ವೇಗದವು. ಕಡಿಮೆ ಆಳದ ನೀರಿಗೆ ನುಗ್ಗಿ ಕೋಟೆಯ ಫಿರಂಗಿಗಳ ಆಸರೆಗೆ ಮರಳಬಲ್ಲವು. 1721ರಲ್ಲಿ ಇಂಗ್ಲಿಷರು ಮತ್ತು ಪೋರ್ಚುಗೀಸರು ಒಟ್ಟಾಗಿ ಕೊಲಾಬಾ ಮೇಲೆ ನಡೆಸಿದ ದಾಳಿ ವಿಫಲವಾಯಿತು. 1729ರಲ್ಲಿ ಕನ್ಹೋಜಿ ತೀರಿಕೊಂಡರು. ಅವರ ಮಗ ತುಳಾಜಿಯ ಕಾಲದಲ್ಲಿ, 1756ರ ಫೆಬ್ರವರಿಯಲ್ಲಿ, ಇಂಗ್ಲಿಷರು ವಿಜಯದುರ್ಗವನ್ನು ಹಿಡಿದರು. ತುಳಾಜಿಯೊಂದಿಗೆ ಹಗೆ ಸಾಧಿಸುತ್ತಿದ್ದ ಪೇಶ್ವೆಯೇ ಇದರಲ್ಲಿ ಇಂಗ್ಲಿಷರ ಜೊತೆಗಿದ್ದರು. ಬಂದರಿನಲ್ಲಿದ್ದ ಆಂಗ್ರೆ ನೌಕಾಪಡೆ ಸುಟ್ಟು ಬೂದಿಯಾಯಿತು. ಇಲ್ಲೂ ಸೋಲು ಬಂದಿದ್ದು ನೆಲೆ ಕೈತಪ್ಪಿದಾಗ.

ಕಂಪನಿ ಕಡಲ್ಗಳ್ಳ ಎಂದು ಕರೆದ ಅದೇ ವ್ಯಕ್ತಿಯ ಹೆಸರು ಇಂದು ಮುಂಬೈಯಲ್ಲಿರುವ ಭಾರತೀಯ ನೌಕಾಪಡೆಯ ನೆಲೆಗೆ ಇದೆ: ಐಎನ್‌ಎಸ್ ಆಂಗ್ರೆ. ನಮ್ಮ ಹೊನ್ನಾವರದ ಕಡೆಯ ತಿಮ್ಮಯ್ಯ ಅಥವಾ ತಿಮೋಜನ ಕಥೆಯೂ ಹೀಗೆಯೇ. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸರಿಗೆ ನೆರವಾದ ಅವನನ್ನು ಕೆಲವರು ಕಡಲ್ಗಳ್ಳ ಎಂದರೆ, ಇನ್ನು ಕೆಲವರು ವಿಜಯನಗರದ ಪರವಾಗಿ ದುಡಿದ ನೌಕಾ ನಾಯಕ ಎನ್ನುತ್ತಾರೆ. ಯಾರೊಂದಿಗೂ ಮಾತಿಲ್ಲದ, ಎಲ್ಲರಿಗೂ ಶತ್ರುವಾದ ಗೇಮ್‌ನ ಕಡಲ್ಗಳ್ಳರ ಪಕ್ಷದಲ್ಲಿ ಇಂತಹವರಿಗೆ ಜಾಗವೇ ಇಲ್ಲ.

ಬೇರೆ ಗೇಮ್‌ಗಳು ಏನು ಮಾಡಿವೆ?

* ಸಿಡ್ ಮೈಯರ್ಸ್ ಪೈರೇಟ್ಸ್: 1987ರ ಈ ಗೇಮ್ 2004ರಲ್ಲಿ ಹೊಸ ರೂಪದಲ್ಲಿ ಬಂತು. ಇಲ್ಲಿ ಆಟಗಾರನೇ ನಾಯಕ. ಒಂದು ದೇಶದ ಪರವಾನಗಿ ಪಡೆದು ಇನ್ನೊಂದರ ಹಡಗು ದೋಚಬಹುದು, ಕ್ಷಮಾದಾನವನ್ನೂ ಪಡೆಯಬಹುದು.

* ಸಿವಿಲೈಸೇಶನ್ 6: 2016ರ ಈ ಗೇಮ್‌ನಲ್ಲಿ ದಡದ ಬರ್ಬರರ ಶಿಬಿರಗಳಿಂದ ಹಡಗುಗಳು ಹೊರಡುತ್ತವೆ. ಶಿಬಿರ ನಾಶ ಮಾಡಿದರೆ ಕಾಟ ನಿಲ್ಲುತ್ತದೆ.

* ಯುರೋಪಾ ಯೂನಿವರ್ಸಾಲಿಸ್ 4: 2013ರಲ್ಲಿ ಬಂದ ಇದರಲ್ಲಿ ದೇಶಗಳೇ ತಮ್ಮ ಹಗುರ ಹಡಗುಗಳನ್ನು ಪರವಾನಗಿ ದರೋಡೆಗೆ ಬಿಟ್ಟು ಎದುರಾಳಿಯ ವ್ಯಾಪಾರಕ್ಕೆ ಕನ್ನ ಹಾಕಬಹುದು. 2018ರ 'ಗೋಲ್ಡನ್ ಸೆಂಚುರಿ' ವಿಸ್ತರಣೆ ಕಡಲ್ಗಳ್ಳರ ಗಣರಾಜ್ಯಗಳನ್ನು ತಂದಿತು. ಅವಕ್ಕೆ ನೆಲವಿದೆ, ಆದ್ದರಿಂದ ಸೋಲೂ ಇದೆ.

ಆಟಗಾರರು ಏನು ಮಾಡಬಹುದು?

* ಒಂಟಿ ಹಡಗು ಕಳುಹಿಸಬೇಡಿ. ಮೊದಲು ಒಂದು ಬಲವಾದ ಪಡೆ ಕಟ್ಟಿ, ನಂತರ ಹೊರಡಿ.

* ಹಡಗುಗಳನ್ನು ಬೆನ್ನಟ್ಟುವ ಬದಲು ನೆಲೆಯ ಮೇಲೆ ಸೈನ್ಯ ಇಳಿಸಿ. ನೆಲೆ ಹೋದರೆ ಹೊಸ ಹಡಗು ಕಟ್ಟುವ ಜಾಗವೇ ಇಲ್ಲ.

* ಎಂಪೈರ್‌ನಂತಹ ಗೇಮ್‌ಗಳಲ್ಲಿ ಸರಪಳಿ ಗುಂಡು ಹಾಯಿ, ಕಂಬಗಳನ್ನು ಹರಿಯುತ್ತದೆ. ಮೊದಲು ವೇಗ ಕಳೆದು, ಆಮೇಲೆ ಸಾದಾ ಗುಂಡು ಹೊಡೆಯಿರಿ. ಕಳ್ಳರು ಹಡಗಿಗೆ ಹಡಗು ತಾಗಿಸಿ ಹತ್ತುವಷ್ಟು ಹತ್ತಿರ ಬಿಡಬೇಡಿ.

* ವ್ಯಾಪಾರ ಮಾರ್ಗ ಹೆಚ್ಚು ಹಣ ತರುವ ಕಡೆ ಕಾವಲು ಇಡಿ. ಎಲ್ಲ ಬಂದರನ್ನೂ ಕಾಯಲು ಹೋದರೆ ಎಐ ಮಾಡುವ ತಪ್ಪನ್ನೇ ನೀವೂ ಮಾಡಿದಂತೆ.

ಶಾಲೆಯ ಪುಸ್ತಕಕ್ಕಿಂತ ಹೆಚ್ಚು ಹೊತ್ತನ್ನು ಇಂತಹ ಗೇಮ್‌ಗಳ ಮುಂದೆ ಕಳೆಯುವ ಹುಡುಗರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ಕಡಲ್ಗಳ್ಳತನ ಮುಗಿದಿದ್ದು ಯಾವ ಮಹಾಯುದ್ಧದಲ್ಲೂ ಅಲ್ಲ, ಬಂದರು, ಕಾನೂನು ಮತ್ತು ಮಾರುಕಟ್ಟೆ ಕೈತಪ್ಪಿದಾಗ ಎಂಬುದನ್ನು ಅವರಿಗೆ ಗೇಮ್ ಹೇಳುವುದಿಲ್ಲ. ಕಪ್ಪು ಬಾವುಟದ ಹಿಂದೆ ಇರುವವರಿಗೆ ಆ ಹೆಸರು ಇಟ್ಟವರು ಯಾರು ಎಂಬುದನ್ನೂ ಹೇಳುವುದಿಲ್ಲ. ಮುಂದಿನ ಸಲ ಮನೆಯ ಹುಡುಗ ಹಡಗು ಕಳೆದುಕೊಂಡು ಸಿಟ್ಟಾದಾಗ, ಅದನ್ನು ಹೇಳಲು ಒಳ್ಳೆಯ ಸಮಯ ಸಿಕ್ಕಿತು ಎಂದುಕೊಳ್ಳಿ.