ಗಾಂಜಾ ನಾಶಕ್ಕೆ ಕಾಡಿನ ಮೇಲೆ ಆಕಾಶದಿಂದ ಕಳೆನಾಶಕ: ಇದು ಪರಿಹಾರವೇ?

“ಕಾಡಿನಲ್ಲಿ ಕದ್ದು ಬೆಳೆಯುವ ಗಾಂಜಾಕ್ಕೆ ಹೆಲಿಕಾಪ್ಟರ್‌ನಿಂದ ಕಳೆನಾಶಕ ಹೊಡೆದರೆ ಸಮಸ್ಯೆ ಮುಗಿಯಿತು” ಎಂಬ ವಾದ ಕೇಳಲು ಸರಳ. ಇಂಥ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನಗಳಲ್ಲಿ ಈ ವಿಧಾನ ಬೇಡ ಎಂಬುದು ನಮ್ಮ ನಿಲುವು. ಕಾರಣಗಳು ಇಲ್ಲಿವೆ.

ಕಳೆನಾಶಕ ಗಾಂಜಾ ಗಿಡವನ್ನಷ್ಟೇ ಕೊಲ್ಲುತ್ತದೆಯೇ?

ಇಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ, ಗಿಡಗಳು ಅಮೈನೋ ಆಮ್ಲ ತಯಾರಿಸಲು ಬಳಸುವ ಒಂದು ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವ ಹುಲ್ಲು, ಬಿದಿರು, ರಾಗಿ ಎಲ್ಲದರಲ್ಲೂ ಇದೆ. ಗಾಂಜಾವನ್ನು ಮುಸುಕಿನ ಜೋಳದಂಥ ಬೆಳೆಯ ನಡುವೆ ಬಚ್ಚಿಟ್ಟು ಬೆಳೆಯುವುದೂ ಉಂಟು. ಮೇಲಿಂದ ಸುರಿದರೆ ಎರಡೂ ಒಣಗುತ್ತವೆ.

ಜೊತೆಗೆ ಗಾಳಿಯ ಲೆಕ್ಕ ಬೇರೆ. ಮೂಡಲಪಾಳ್ಯದ ಮನೆಯೊಂದರ ಟೆರೇಸಿನಲ್ಲಿ ಕುಂಡದ ಗಿಡಕ್ಕೆ ಕೈಪಂಪಿನಿಂದ ಔಷಧಿ ಹೊಡೆದರೂ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ ತಾಗಬಹುದು. ಹೆಲಿಕಾಪ್ಟರ್‌ನಿಂದ ಬೀಳುವ ಸಣ್ಣ ಹನಿಗಳು ಇನ್ನೂ ದೂರ ಹೋಗುತ್ತವೆ.

ನಮ್ಮವರಿಗೆ ಇದರ ಅನುಭವ ಇದೆಯೇ?

ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 2000ದವರೆಗೆ, 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟ ಗುಡ್ಡದ ಮೇಲೆ, ಮನೆ, ತೋಡು, ಬಾವಿ ಕೆಳಗೆ. ಕನ್ನಡ, ತುಳು ಮಾತಾಡುವ ಎಣ್ಮಕಜೆಯ ಪಡ್ರೆಯಲ್ಲಿ ಕಾಯಿಲೆಗಳು ಹೆಚ್ಚಿರುವುದನ್ನು ಡಾ. ವೈ.ಎಸ್. ಮೋಹನ ಕುಮಾರ್ ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಇದೇ ಗೋಳು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಎಂಡೋಸಲ್ಫಾನ್ ಕೀಟನಾಶಕ, ಗ್ಲೈಫೋಸೇಟ್ ಕಳೆನಾಶಕ. ಎರಡರ ವಿಷಗುಣ ಒಂದೇ ಅಲ್ಲ. ಆದರೆ ಆಕಾಶದಿಂದ ಸುರಿದದ್ದು ಗುರಿ ಹಾಕಿದ ಜಾಗದಲ್ಲೇ ನಿಲ್ಲುವುದಿಲ್ಲ ಎಂಬ ಪಾಠ ಎರಡಕ್ಕೂ ಒಂದೇ.

ಮಾದಕ ಬೆಳೆಯ ಮೇಲೆ ಯಾರಾದರೂ ಹೀಗೆ ಮಾಡಿದ್ದಾರೆಯೇ?

ಕೊಲಂಬಿಯಾ ಮಾಡಿತ್ತು. ಕೊಕೇನ್ ತಯಾರಿಸುವ ಕೋಕಾ ಬೆಳೆಯ ಮೇಲೆ ವಿಮಾನದಿಂದ ಗ್ಲೈಫೋಸೇಟ್ ಸುರಿಯಿತು. ಬೆಳೆಗಾರರು ಜಾಗ ಬದಲಿಸಿ, ಹೊಸ ಕಾಡು ಕಡಿದು ಮತ್ತೆ ಬಿತ್ತಿದರು. ವಿಷ ಗಡಿ ದಾಟಿ ಬರುತ್ತಿದೆ ಎಂದು ನೆರೆಯ ಈಕ್ವೆಡಾರ್ 2008ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2013ರಲ್ಲಿ ಕೊಲಂಬಿಯಾ 1.5 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೋಸೇಟನ್ನು “ಬಹುಶಃ ಕ್ಯಾನ್ಸರ್‌ಕಾರಕ” ಎಂದಿತು. ಅಮೆರಿಕ, ಯುರೋಪಿನ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಿಲ್ಲ. ಆದರೂ ಕೊಲಂಬಿಯಾ ಅದೇ ವರ್ಷ ವೈಮಾನಿಕ ಸಿಂಪಡಣೆ ನಿಲ್ಲಿಸಿತು.

ನಮ್ಮ ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಸೆಕ್ಷನ್ 32ರ ಪ್ರಕಾರ ವನ್ಯಜೀವಿಗಳಿಗೆ ಹಾನಿ ಮಾಡಬಲ್ಲ ರಾಸಾಯನಿಕವನ್ನು ವನ್ಯಜೀವಿಧಾಮದಲ್ಲಿ ಬಳಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಕೀಟನಾಶಕ ನಿಯಮಗಳು, 1971ರ ಪ್ರಕಾರ ವೈಮಾನಿಕ ಸಿಂಪಡಣೆಗೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಜನ, ಜಾನುವಾರು ಒಳಹೋಗದಂತೆ ತಡೆಯಬೇಕು. ದನಕ್ಕೆ ಬೇಲಿ ಹಾಕಬಹುದು, ಆನೆ, ಜಿಂಕೆ, ಜೇನಿಗೆ ಹಾಕುವುದು ಹೇಗೆ?

ಹಾಗಾದರೆ ಗಾಂಜಾ ಬಿಟ್ಟುಬಿಡಬೇಕೇ?

ಖಂಡಿತ ಇಲ್ಲ. ಎನ್‌ಡಿಪಿಎಸ್ ಕಾಯ್ದೆ, 1985ರ ಪ್ರಕಾರ ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ. ಗಿಡಗಳನ್ನು ಗುರುತಿಸಿ, ಕೈಯಿಂದ ಕಿತ್ತು ನಾಶಪಡಿಸಬಹುದು. ಇದಕ್ಕೆ ಸಮಯ, ಜನ ಬೇಕು, ನಿಜ. ಆದರೆ ಕಿತ್ತ ಗಿಡ ಮಾತ್ರ ಹೋಗುತ್ತದೆ. ಪಕ್ಕದ ಹೊಲ, ಹಳ್ಳದ ನೀರು, ಕಾಡು ಉಳಿಯುತ್ತವೆ.

ಸಾರಾಂಶ: ಗಾಂಜಾ ವಿರುದ್ಧದ ಕ್ರಮ ಸರಿ, ಕಾಡಿನ ಮೇಲೆ ಆಕಾಶದಿಂದ ವಿಷ ಸುರಿಯುವುದು ತಪ್ಪು. ಫಾರ್ವರ್ಡ್ ಕಳುಹಿಸಿದವರಿಗೆ ಕಾಸರಗೋಡನ್ನು ನೆನಪಿಸಿ.