ಪುಣೆಯ ಸೀರಮ್ ಉದ್ಯಮ ಮತ್ತು ರಕ್ತದ ಹೆಪ್ಪು

ಗಾಯವಾದಾಗ ಜೀವ ಉಳಿಸುವ ಹೆಪ್ಪುಗಟ್ಟುವ ಗುಣವೇ ಗಾಯವಿಲ್ಲದ ರಕ್ತನಾಳದೊಳಗೆ ಕೆರಳಿ ಹರಿವನ್ನು ತಡೆದರೆ ಅದು ಥ್ರಾಂಬೋಸಿಸ್ ಎನಿಸಿಕೊಳ್ಳುತ್ತದೆ. ಪುಣೆಯ ಸೀರಮ್ ಉದ್ಯಮವು ಈ ಗುಣದ ಏರುಪೇರನ್ನು ಮೊದಲು ಹಾವಿನ ವಿಷದಲ್ಲಿ, ಆಮೇಲೆ ಲಸಿಕೆಯ ಅಪರೂಪದ ದುಷ್ಪರಿಣಾಮದಲ್ಲಿ ಎದುರಿಸಿತು.

ಸೀರಮ್ ಎಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ. ವಿಷವನ್ನು ಅಲ್ಪಪ್ರಮಾಣದಲ್ಲಿ ಚುಚ್ಚಿಸಿಕೊಂಡ ಕುದುರೆಯ ಸೀರಮ್‌ನಲ್ಲಿ ಆ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಬೆಳೆಯುತ್ತವೆ. ಪುಣೆಯ ಪೂನಾವಾಲಾ ಮನೆತನದ ರೇಸ್ ಕುದುರೆಗಳು ಮುಪ್ಪಾದ ಬಳಿಕ ಇಂಥ ಸೀರಮ್ ತಯಾರಿಸುತ್ತಿದ್ದ ಮುಂಬೈಯ ಹಾಫ್ಕಿನ್ ಸಂಸ್ಥೆಗೆ ಸೇರುತ್ತಿದ್ದವು; ಸೈರಸ್ ಪೂನಾವಾಲಾ 1966ರಲ್ಲಿ ಪುಣೆಯಲ್ಲೇ ಸೀರಮ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದ ಮೇಲೆ ಅಲ್ಲಿ ಧನುರ್ವಾಯುವಿನ ಪ್ರತಿವಿಷವೂ ಮುಂದೆ ಹಾವಿನ ಪ್ರತಿವಿಷವೂ ತಯಾರಾದವು. ಕೊಳಕುಮಂಡಲದ ವಿಷವು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಒಮ್ಮೆಲೇ ಪ್ರಚೋದಿಸಿ ಬರಿದಾಗಿಸುವುದರಿಂದ ಕಚ್ಚಿಸಿಕೊಂಡವರ ರಕ್ತ ಕೊನೆಗೆ ಹೆಪ್ಪುಗಟ್ಟದೆ ಸೋರತೊಡಗುತ್ತದೆ. ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ 1934ರಲ್ಲಿ ಇದೇ ವಿಷವನ್ನು ಹೀಮೋಫಿಲಿಯಾ ರೋಗಿಗಳ ರಕ್ತಸ್ರಾವ ನಿಲ್ಲಿಸಲು ಬಳಸಿದರೆ, ಮುಂದೆ ಅದರ ದುರ್ಬಲ ದ್ರಾವಣವು ಥ್ರಾಂಬೋಸಿಸ್‌ಗೆ ಎಡೆಮಾಡುವ ಲೂಪಸ್ ಪ್ರತಿಕಾಯವನ್ನು ಗುರುತಿಸುವ ಪ್ರಯೋಗಾಲಯದ ಪರೀಕ್ಷೆಯಾಯಿತು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ರೂಪಿಸಿದ ಕೋವಿಡ್ ಲಸಿಕೆಯನ್ನು ಪುಣೆಯ ಇದೇ ಸೀರಮ್ ಇನ್‌ಸ್ಟಿಟ್ಯೂಟ್ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ದೇಶದಲ್ಲಿ 2021ರ ಜನವರಿ 16ರಂದು ಲಸಿಕೆ ಕಾರ್ಯಕ್ರಮ ಆರಂಭವಾದ ಎರಡು ತಿಂಗಳೊಳಗೆ, ಯುರೋಪಿನಲ್ಲಿ ಆಸ್ಟ್ರಾಜೆನೆಕಾ ಲಸಿಕೆ ಪಡೆದ ಕೆಲವರ ಮಿದುಳಿನ ಅಭಿಧಮನಿಗಳಂಥ ಅಸಾಮಾನ್ಯ ತಾಣಗಳಲ್ಲಿ ಹೆಪ್ಪು ಕಾಣಿಸಿತು. ಹೆಪ್ಪಿನ ಜೊತೆಗೆ ರಕ್ತದ ಪ್ಲೇಟ್ಲೆಟ್‌ಗಳೆಂಬ ಸೂಕ್ಷ್ಮಕಣಗಳೂ ಕುಸಿದಿದ್ದವು. ಪ್ಲೇಟ್ಲೆಟ್‌ಗಳಿಂದ ಹೊಮ್ಮುವ ಪಿಎಫ್4 ಎಂಬ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳೇ ಇದಕ್ಕೆ ಕಾರಣವೆಂದು ಜರ್ಮನಿ, ನಾರ್ವೆಯ ವೈದ್ಯರು ಏಪ್ರಿಲ್‌ನಲ್ಲಿ ತೋರಿಸಿದರು. ಹೆಪ್ಪು ತಡೆಯುವ ಹೆಪರಿನ್ ಔಷಧವೇ ಕೆಲವರಲ್ಲಿ ಇಂಥದೇ ಪ್ರತಿಕಾಯಗಳನ್ನು ಹುಟ್ಟಿಸುವುದು ಮೊದಲೇ ತಿಳಿದಿತ್ತಾದ್ದರಿಂದ, ಈ ರೋಗಿಗಳಿಗೆ ಹೆಪರಿನ್ ತಪ್ಪಿಸಿ ಇಮ್ಯುನೊಗ್ಲೋಬ್ಯುಲಿನ್ ಮತ್ತು ಬೇರೆ ಹೆಪ್ಪುನಿರೋಧಕಗಳನ್ನು ಕೊಡುವ ಪದ್ಧತಿ ಬೇಗನೆ ರೂಢಿಗೆ ಬಂತು.

ಭಾರತ ಸರ್ಕಾರದ ಪರಿಶೀಲನಾ ಸಮಿತಿಯು ಮೇ 17ರಂದು ಇಂಥವಾಗಿರಬಹುದಾದ 26 ಪ್ರಕರಣಗಳನ್ನು, ಅಂದರೆ 10 ಲಕ್ಷ ಡೋಸ್‌ಗೆ 0.61ರ ಪ್ರಮಾಣವನ್ನು, ಪ್ರಕಟಿಸಿ, ಬ್ರಿಟನ್ನಿನಲ್ಲಿ ಅದು 4, ಜರ್ಮನಿಯಲ್ಲಿ 10 ಎಂದು ಹೋಲಿಸಿತು. ದಕ್ಷಿಣ ಏಷ್ಯಾ ಮೂಲದವರಲ್ಲಿ ಥ್ರಾಂಬೋಸಿಸ್ ಪ್ರವೃತ್ತಿಯೇ ಕಡಿಮೆಯೆಂಬ ವಿವರಣೆಯೂ ಜೊತೆಗಿತ್ತು. ಆದರೆ ಇಂಥ ಲೆಕ್ಕವು ರೋಗಿ ಆಸ್ಪತ್ರೆಗೆ ಬಂದು, ವೈದ್ಯರು ಲಕ್ಷಣವನ್ನು ಗುರುತಿಸಿ, ವರದಿ ಕಳುಹಿಸುವುದನ್ನೇ ಅವಲಂಬಿಸಿರುವುದರಿಂದ, ದೇಶದೇಶಗಳ ಅಂಕಿಗಳ ನಡುವಿನ ಅಂತರವನ್ನು ರಕ್ತದ ಗುಣಕ್ಕೆ ಮಾತ್ರ ಆರೋಪಿಸಲಾಗದು.